ಒಂದು ಕಾಲು ಸಾಕಾಗುವ ಟ್ರ್ಯಾಕ್ಟರ್

ನಮ್ಮ ಹಿತ್ತಲಿಗೆ ಟ್ರ್ಯಾಕ್ಟರ್ ಬಂದದ್ದು ಎತ್ತಿನ ಗಾಡಿಯ ಮೇಲೆ. ಯಾರಿಗೆ ಹೇಳಿದರೂ ನಗುತ್ತಾರೆ, ನಗಲಿ. ಅವತ್ತು ನಮ್ಮೂರು ನಕ್ಕಷ್ಟಂತೂ ಇನ್ನು ಯಾರೂ ನಗಲಾರರು. ಎಂಬತ್ತರ ದಶಕದ ನಡುವಿನ ಮಾತು. ನವಲಗುಂದದ ಆಚೆಯಿಂದ ಅಣ್ಣಿಗೇರಿ ಹತ್ತಿರದ ನಮ್ಮೂರಿಗೆ, ಬಾಜೂ ಮನೆಯ ಕಾಕಾನ ಎತ್ತುಗಳು ಅದನ್ನು ಎಳೆದು ತಂದವು. ಗಾಡಿಯ ಮೇಲೆ ಹಗ್ಗ ಬಿಗಿಸಿಕೊಂಡು ಕೂತಿದ್ದ ಆ ವಸ್ತುವಿಗೆ ನಾಲ್ಕು ಗಾಲಿ, ಒಂದು ಕಬ್ಬಿಣದ ಸೀಟು, ಒಂದು ಸ್ಟೇರಿಂಗು ಇದ್ದದ್ದರಿಂದ ಟ್ರ್ಯಾಕ್ಟರ್ ಅನ್ನಬೇಕು. ಉಳಿದಂತೆ ಅದು ತುಕ್ಕಿನ ಗುಡ್ಡೆ. ಎತ್ತರ ನನ್ನ ಸೊಂಟದಷ್ಟು. ದೊಡ್ಡ ಟ್ರ್ಯಾಕ್ಟರು ದಿನ ತುಂಬುವ ಮೊದಲೇ ಈದ ಕರುವಿನ ಹಾಗೆ ಕಾಣುತ್ತಿತ್ತು.

"ಎತ್ತಿನ ಕೆಲಸಾ ಮಾಡಾಕ ತಂದದ್ದನ್ನ ಎತ್ತ ಹೊತಗೊಂಡ ಬಂದಾವಲ್ಲಲೇ!" ಎಂದು ಊರ ಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಕೂತವರು ಕೂಗಿದರು. ಗಾಡಿಯ ಹಿಂದೆ ನಡೆದು ಬರುತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಏನೋ ಅನ್ನಲು ಬಾಯಿ ತೆರೆದವಳು ಗಾಡಿಯ ಕಡೆ ನೋಡಿದೆ. ಆ ತುಕ್ಕು ಹಿಡಿದ ಸೀಟಿನಲ್ಲೇ ಕೂತು ಬರುತ್ತಿದ್ದ ನನ್ನ ಗಂಡ ಅವರ ಜೊತೆ ತಾವೂ ನಗುತ್ತಿದ್ದರು. ಅವರು ನಕ್ಕದ್ದನ್ನು ನೋಡಿ ಎರಡು ವರ್ಷವಾಗಿತ್ತು. ತೆರೆದ ಬಾಯಿ ಮುಚ್ಚಿಕೊಂಡೆ.

ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ಜೋಳದ ಕಣಿಕೆ ಹೇರಿದ ಗಾಡಿ ಇಳಿಜಾರಿನಲ್ಲಿ ವಾಲಿ ಇವರ ಎಡಗಾಲಿನ ಮೇಲೆ ಹಾಯ್ದಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಕಂಕುಳಿಗೆ ಕೋಲು ಬಂತು. ಊರೊಳಗೆ ಕೋಲು ಊರಿ ಓಡಾಡಬಹುದು, ಹೊಲದಲ್ಲಿ ಆಗುವುದಿಲ್ಲ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕೋಲು ಮೊಳದುದ್ದ ಹೂತು ಕಿತ್ತರೂ ಬಾರದು. ಬೇಸಿಗೆಯಲ್ಲಿ ನೆಲದ ಬಿರುಕಿಗೆ ಸಿಕ್ಕಿ ಆಳನ್ನೇ ಕೆಡವುತ್ತದೆ. ಮೊದಲ ವರ್ಷ ಎರಡು ಸಲ ಹೋಗಿ ನೋಡಿದರು. ಎರಡೂ ಸಲ ನಾನೇ ಹೋಗಿ ಎಬ್ಬಿಸಿಕೊಂಡು ಬಂದೆ. ಆಮೇಲೆ ಅವರು ಹೊಲದ ಕಡೆ ಮುಖ ಹಾಕಲಿಲ್ಲ.

ಹೊಲವೇನು ದೂರವಿರಲಿಲ್ಲ. ನಮ್ಮ ಮನೆ ಊರ ಕೊನೆಯದು, ಹಿತ್ತಲ ಬೇಲಿ ದಾಟಿದರೆ ನಮ್ಮದೇ ಹೊಲ. ಕಣ್ಣಿಗೆ ಬೀಳುತ್ತದೆಂದು ಇವರು ಹಿತ್ತಲಿಗೆ ಬರುವುದನ್ನೇ ಬಿಟ್ಟರು. ಮುಂದಿನ ಕಟ್ಟೆಯ ಮೇಲೆ ಎದುರುಮನೆಯ ಗೋಡೆ ನೋಡುತ್ತ ಕೂಡುತ್ತಿದ್ದರು. ಬೆಳಿಗ್ಗೆ ಕೂತವರು ಊಟಕ್ಕೆ ಏಳುತ್ತಿದ್ದರು, ಉಂಡು ಮತ್ತೆ ಅಲ್ಲೇ. ನೋಡಲು ಬಂದವರು "ದೇವರ ಇಟ್ಟಂಗ ಇರಬೇಕ್ರಿ" ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಎರಡು ಕಾಲಿನವರಿಗೆ ಇಂಥ ಮಾತು ಬಹಳ ಸುಲಭವಾಗಿ ಬರುತ್ತದೆ.

ಮನೆಯಲ್ಲಿ ಇದ್ದವರು ಮೂವರೇ: ಇವರು, ನಾನು, ನಮ್ಮ ಅತ್ತೆ. ಹೊಡೆಯುವವರಿಲ್ಲದ ಎತ್ತು ಗೋದಲಿಯ ಮುಂದೆ ನಿಂತು ಸೊರಗಬಾರದೆಂದು ಅತ್ತೆ ಜೋಡಿಯನ್ನು ತಮ್ಮ ತವರಿಗೆ ಕಳಿಸಿಬಿಟ್ಟಿದ್ದರು. ನಮ್ಮ ಹೊಲಕ್ಕೆ ಕಾಕಾನ ಎತ್ತುಗಳು ಬರುತ್ತಿದ್ದವು, ಅವರ ಹೊಲದ ಕೆಲಸ ಮುಗಿದ ಮೇಲೆ, ನೆಲದ ಹದ ಹೋದ ಮೇಲೆ. ಕಾಕಾ ಕೆಟ್ಟವರಲ್ಲ. ಅವರೇ ಒಂದು ದಿನ ಇವರ ಬಾಜೂ ಕೂತು ಮಾತು ತೆಗೆದರು.

"ನೋಡಪಾ, ಹೊಲಾ ಹಿಂಗ ಅರ್ಧಾಮರ್ಧಾ ಮಾಡೂದಕಿಂತ ನನಗ ಪಾಲಿಗಿ ಹಾಕಿಬಿಡು. ಬೆಳದದ್ರಾಗ ನಿಮ್ಮ ಪಾಲ ನಿಮ್ಮ ಮನಿಗೇ ತಂದ ಸುರೀತೀನಿ. ನೀ ಯಾಕ ಜೀವಕ್ಕ ತ್ರಾಸ ಮಾಡ್ಕೋತಿ?"

"ಯುಗಾದಿ ತನಕಾ ತಡೀರಿ ಕಾಕಾ" ಎಂದರು ಇವರು, ಗೋಡೆಯಿಂದ ಕಣ್ಣು ತೆಗೆಯದೆ.

ನಮ್ಮ ಕಡೆ ಇಂಥ ಮಾತೆಲ್ಲ ಯುಗಾದಿಗೇ ಆಗುವುದು. ಬೇವು-ಬೆಲ್ಲದ ನೀರು ಕುಡಿದು, ಈ ವರ್ಷ ಈ ಹೊಲ ಇಂಥವರು ಉಳಬೇಕು ಎಂದರೆ ಮುಗಿಯಿತು, ಕಾಗದ ಬೇಡ ಪತ್ರ ಬೇಡ. ಕಾಕಾ ಹೇಳಿದ್ದರಲ್ಲಿ ಮೋಸವಿರಲಿಲ್ಲ. ಪಾಲಿಗೆ ಹಾಕಿದರೆ ನಮ್ಮ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಇವರಿಗೆ ಬೇಕಾದದ್ದು ಕಾಳಲ್ಲ. ತಮ್ಮ ಹೊಲದಲ್ಲಿ ತಮ್ಮ ಕೈಯಿಂದ ಒಂದು ಸಾಲು ಹೊಡೆಯಬೇಕು, ಅಷ್ಟೇ. ಅದೊಂದು ಹೋದರೆ ಈ ಮನುಷ್ಯ ಆ ಕಟ್ಟೆಯಿಂದ ಮತ್ತೆ ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಯುಗಾದಿಯೊಳಗೆ ಏನಾಗುತ್ತದೆ, ಕತ್ತರಿಸಿದ ಕಾಲು ಚಿಗುರುತ್ತದೆಯೇ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ದಸರೆ ಕಳೆದ ಮೇಲೆ ಅತ್ತೆಯ ದೂರದ ಸಂಬಂಧಿಕರಲ್ಲಿ ಮದುವೆಯಿತ್ತು. ನವಲಗುಂದದ ಆಚೆ ಅವರದು ಪೇರಲ ತೋಟ. ಇವರನ್ನು ಒತ್ತಾಯ ಮಾಡಿ ಕಾಕಾನ ಗಾಡಿಯಲ್ಲಿ ಕರೆದುಕೊಂಡು ಹೋದೆವು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಮನುಷ್ಯ ನಾಪತ್ತೆ. ಹುಡುಕಿದರೆ ತೋಟದ ಮೂಲೆಯ ಹುಣಸೆಗಿಡದ ಕೆಳಗೆ, ಈ ತುಕ್ಕಿನ ಗುಡ್ಡೆಯ ಮೇಲೆ ಕೂತಿದ್ದಾರೆ. ಸುತ್ತ ಕೋಳಿಗಳು ಗಲಾಟೆ ಎಬ್ಬಿಸಿದ್ದವು. ಅವು ಮೊಟ್ಟೆ ಇಡುವ ಜಾಗ ಅದು. ಪೇರಲ ಗಿಡಗಳ ನಡುವೆ ಕಳೆ ತೆಗೆಯಲು ಆ ಮನೆಯ ಹಿರಿಯರು ಯಾವ ಕಾಲದಲ್ಲೋ ಹೊರದೇಶದಿಂದ ತರಿಸಿದ್ದಂತೆ. ಹೆಸರು ಬರೆದ ತಗಡು ಕೂಡ ಉದುರಿಹೋಗಿತ್ತು.

"ಇಲ್ಲಿ ನೋಡು" ಎಂದು ಇವರು ಎಡಗೈಯಿಂದ ಒಂದು ಕಬ್ಬಿಣದ ಹಿಡಿಕೆ ತೋರಿಸಿದರು. "ಕ್ಲಚ್ ಕೈಯಾಗ ಐತಿ. ಎಲ್ಲಾ ಟ್ರ್ಯಾಕ್ಟರಿಗೂ ಎಡಗಾಲ ಬೇಕು. ಇದಕ್ಕ ಬ್ಯಾಡ. ಒಂದ ಕಾಲ ಸಾಕು, ಬಲಗಾಲ."

ಮನೆಯವರು ಧಾರಾಳಿಗಳು. "ಒಯ್ದರ ಒಯ್ರಿ, ಕೋಳಿಗಿ ಬ್ಯಾರೆ ಜಾಗಾ ನೋಡ್ತೀವಿ" ಎಂದರು. ಹಾಗೆ ಅದು ನಮ್ಮ ಹಿತ್ತಲಿಗೆ ಬಂತು.

ಅಣ್ಣಿಗೇರಿಯಿಂದ ಫಿಟ್ಟರನ್ನು ಕರೆಸಿದೆವು. ಇಂಜಿನ್ನುಗಳನ್ನು ಬೈಯುತ್ತಲೇ ರಿಪೇರಿ ಮಾಡುವ ಒಣಕಲು ಮನುಷ್ಯ. ಬಂದವನೇ ಸುತ್ತು ಹಾಕಿ, ಒದ್ದು, ಉಗಿದು, ಮೇಲಿನ ಪ್ಲಗ್ಗು ಬಿಚ್ಚಿದ. ಇಂಜಿನ್ನನ್ನು ತಿರುಗಿಸುವ ಬಾಜೂಕಿನ ದಪ್ಪ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಮೈಭಾರ ಹಾಕಿದ. ಒಂದು ಬೆರಳಿನಷ್ಟು ಅದು ಅಲುಗಿತು. ನಾನೇ ಕಣ್ಣಾರೆ ಕಂಡೆ.

"ಸತ್ತಿಲ್ರಿ ಇದು" ಎಂದ. "ಒಳಗ ಜಂಗ ಹಿಡದೈತಿ ಅಷ್ಟ. ದಿನಾ ಈ ತೂತಿನ್ಯಾಗ ಒಂದೀಟ ಚಿಮಣಿ ಎಣ್ಣಿ, ಅದರಾಗ ಚಮಚೆಯಷ್ಟ ಇಂಜನ್ ಆಯಿಲ್ ಕೂಡಿಸಿ ಬಿಡ್ರಿ, ತಾನ ಸಡಲ ಆಗತೈತಿ. ಹತ್ತಿ ಸುಗ್ಗಿ ಮುಗಿಯೂ ತನಕಾ ನನಗ ಪುರಸೊತ್ತಿಲ್ಲ, ಯುಗಾದಿ ಮುಂದ ಬರತೀನಿ. ಅಲ್ಲೀಮಟಾ ಯಾರೂ ತಿರುವಾಕ ಹೋಗಬ್ಯಾಡ್ರಿ, ಒಳಗಿನ ರಿಂಗ ಮುರದ ಹೋಗ್ತಾವ."

"ನೇಗಲಾ ಎಳೀತೈತೇನ್ರಿ?" ಎಂದು ಇವರು ಕೇಳಿದರು.

"ನೇಗಲಾ ಎಳ್ಯೂದಿಲ್ಲ. ಕುಂಟಿ ಎಳೀತೈತಿ, ಎಡಿ ಹೊಡೀತೈತಿ. ಸಾಕಲ್ರಿ?"

"ಅಗದಿ ಸಾಕು" ಎಂದರು ಇವರು.

ನಾನು ಸುಲಭಕ್ಕೆ ಏನನ್ನೂ ನಂಬುವವಳಲ್ಲ. ಜಾತಕ ನಂಬಲಿಲ್ಲ, ದವಾಖಾನೆಯವರು ಹೇಳಿದ ಕಟ್ಟಿಗೆಯ ಕಾಲನ್ನು ನಂಬಲಿಲ್ಲ. ಆ ಒಂದು ಬೆರಳನ್ನು ಮಾತ್ರ ನಂಬಿದೆ.

ಆದರೆ ಚಿಮಣಿ ಎಣ್ಣೆಯ ಮಾತಿಗೆ ಅತ್ತೆ ಒಪ್ಪಲಿಲ್ಲ. ರೇಷನ್ನಿನ ಚಿಮಣಿ ಎಣ್ಣೆ ಲಾಟೀನಿಗೇ ಸಾಲುತ್ತಿರಲಿಲ್ಲ, ಅದೊಂದು ಕಾರಣ. ದೊಡ್ಡ ಕಾರಣ ಬೇರೆ. ಅವರ ಮನೆತನದಲ್ಲಿ ಹೊಸ ಎತ್ತು ಬಂದರೆ ಮೊದಲು ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ಕುಡಿಸುವ ಪದ್ಧತಿ. ಅಂಗಡಿಯ ಎಣ್ಣೆಯಲ್ಲ, ನಮ್ಮದೇ ಹೊಲದ ಕುಸುಬಿಯನ್ನು ಗಾಣಕ್ಕೆ ಹಾಕಿಸಿ ತಂದದ್ದು. ಹೊಲದ ಎಣ್ಣೆ ಕುಡಿದ ಎತ್ತು ಆ ಹೊಲಕ್ಕೆ ಹೊಂದಿಕೊಳ್ಳುತ್ತದೆ, ಹಗ್ಗ ಬಿಚ್ಚಿದರೂ ಬೇರೆ ಕಡೆ ಹೋಗುವುದಿಲ್ಲ ಎಂದು ಅವರ ನಂಬಿಕೆ.

"ಹೊಲಾ ಮಾಡಾಕ ಬಂದದ್ದಕ್ಕ ಚಿಮಣಿ ಎಣ್ಣಿ ಕುಡಸ್ತೀರೇನ?" ಎಂದರು ಅತ್ತೆ. "ಅದು ಒಣಾ ಎಣ್ಣಿ, ಕೈಗಿ ಹಚ್ಚಿಕೊಂಡರ ತೊಗಲ ಬಿರೀತೈತಿ. ಕುಸುಬಿ ಎಣ್ಣ್ಯಾಗ ಜಿಡ್ಡ ಐತಿ. ಬಾವಿ ಗಡಗಡಿ, ಬಾಗಲದ ಕೀಲ, ಮನಿಶ್ಯಾನ ಮಣಕಾಲ, ಎಲ್ಲಾ ಅದರಿಂದನ ಸಡಲ ಆಗಿಲ್ಲೇನು? ಕುಸುಬೀನ ಹಾಕೂಣು."

ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ಇವರಿಗಂತೂ ಬಹಳ ಹಿಡಿಸಿತು. ತಮ್ಮ ಹೊಲದ ಎಣ್ಣೆ ಕುಡಿಯುವ ಟ್ರ್ಯಾಕ್ಟರ್! ದಿನಾ ಸಂಜೆ ದೇವರ ದೀಪ ಹಚ್ಚಿದ ಮೇಲೆ ಅತ್ತೆ ಗೊಟ್ಟ ಹಿಡಿದು ಹಿತ್ತಲಿಗೆ ಬರುತ್ತಿದ್ದರು. ಎತ್ತಿನ ಬಾಯಿ ಎತ್ತಿ ಹಿಡಿಯುವ ಹಾಗೆ ಒಂದು ಕೈ ಇಂಜಿನ್ನಿನ ಮೇಲಿಟ್ಟು, ಇನ್ನೊಂದು ಕೈಯಿಂದ ಆ ತೂತಿನಲ್ಲಿ ಎಣ್ಣೆ ಬಿಡುತ್ತಿದ್ದರು. "ಕುಡಿ ಮಗನ" ಎನ್ನುತ್ತಿದ್ದರು. ಕಮ್ಮಾರರು ಗಾಲಿಯ ಹಳಿ ಬಿಡಿಸುವಾಗ ಕಾಸಿಯೇ ಅಲ್ಲವೇ ಬಿಡಿಸುವುದು ಎಂದು ಇವರಿಗೆ ಹೊಳೆಯಿತು. ಅಂದಿನಿಂದ ಎಣ್ಣೆ ಬಿಟ್ಟಮೇಲೆ ಇಂಜಿನ್ನಿನ ಕೆಳಗೆ ಒಂದು ಬುಟ್ಟಿ ಕುಳ್ಳಿನ ಕೆಂಡ ಇಡುವುದು ನನ್ನ ಪಾಲಿಗೆ ಬಂತು. ಎಣ್ಣೆ ಬಿಸಿಯಾಗಿ ಹಿತ್ತಲ ತುಂಬ ಒಗ್ಗರಣೆಯ ವಾಸನೆ ಬರುತ್ತಿತ್ತು.

ಹಗಲು ಪೂರ್ತಿ ತುಕ್ಕು ತೆಗೆಯುವ ಕೆಲಸ. ಇವರು ನೆಲದ ಮೇಲೆ ಗೋಣಿತಾಟು ಹಾಸಿಕೊಂಡು ಕೂತು ಗಾಲಿಗಳನ್ನು ಇಟ್ಟಂಗಿ ಚೂರಿನಿಂದ ತಿಕ್ಕುತ್ತಿದ್ದರು. ಹೊಲದಿಂದ ಬಂದು ಮುಸುರೆ ತೊಳೆದ ಮೇಲೆ ನಾನು ಮೇಲಿನ ತಗಡುಗಳಿಗೆ ಕೂಡುತ್ತಿದ್ದೆ. ಮೊದಲು ಇಟ್ಟಂಗಿ, ಆಮೇಲೆ ತೆಂಗಿನ ನಾರು, ಆಮೇಲೆ ಪಾಲಿಶ್ ಕಾಗದ. ಉಗುರಿನ ಸಂದಿಯ ಕೆಂಪು ಹೋಗುತ್ತಲೇ ಇರಲಿಲ್ಲ. ರೊಟ್ಟಿ ಬಡಿದರೆ ಹಿಟ್ಟಿಗೂ ಕಬ್ಬಿಣದ ವಾಸನೆ. ಬಾಜೂ ಮನೆ ಹೆಂಗಸರು ಬೇಲಿಯ ಮೇಲಿಂದ ಇಣುಕಿ, "ಏನಬೇ, ಕಬ್ಬಣದ ಎತ್ತಿಗಿ ಹತ್ತಿಕಾಳ ಇಟ್ಟಿಯೇನ?" ಎಂದು ಚಾಷ್ಟಿ ಮಾಡುತ್ತಿದ್ದರು. "ಇಟ್ಟೇನಿ, ಸಗಣಿ ಹಾಕಿದ ಕೂಡ್ಲೇ ನಿಮ್ಮನಿಗೇ ಕಳಸ್ತೇನಿ" ಎನ್ನುತ್ತಿದ್ದೆ ನಾನು. ಸೋಮವಾರ ಮಾತ್ರ ಕೆಲಸವಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಇದನ್ನೂ ಮುಟ್ಟಕೂಡದು ಎಂದು ಅತ್ತೆಯ ಕಟ್ಟಪ್ಪಣೆ. ಇನ್ನೂ ಒಂದು ದಿನ ದುಡಿಯದ ಪ್ರಾಣಿಗೆ ವಾರಕ್ಕೊಂದು ಸೂಟಿ!

ಆ ದಿನಗಳ ಬಗ್ಗೆ ಬೇರೆ ಯಾರಾದರೂ ಬರೆದರೆ ಸುಖದ ದಿನಗಳು ಎಂದು ಬರೆಯುತ್ತಾರೇನೋ. ನನಗೆ ಸುಖಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ತುಕ್ಕು ತಿಕ್ಕುತ್ತ ತಿಕ್ಕುತ್ತ ಇವರು ಹೊಲದ ಕಡೆ ನೋಡತೊಡಗಿದ್ದರು. ಮೊದಮೊದಲು ಕಣ್ಣು ಹಾಯಿಸಿ ತೆಗೆಯುತ್ತಿದ್ದರು, ಆಮೇಲೆ ಮಾತೂ ಬಂತು. "ಆ ಮೂಲ್ಯಾಗ ಜ್ವಾಳ ಕೆಂಪಗಾಗೇತಿ ನೋಡು, ಅಲ್ಲಿ ನೀರ ನಿಲ್ಲತಿತ್ತು, ಬಸಿಗಾಲಿವಿ ತಗೀಬೇಕು." "ಕಾಕಾಂದು ಕೂರಿಗಿ ಸಾಲ ಸೊಟ್ಟ." ಎರಡು ವರ್ಷ ಸತ್ತ ಹಾಗೆ ಇದ್ದವರು ಕಾಕಾನ ಸಾಲು ಸೊಟ್ಟ ಎಂದು ಜಗಳಕ್ಕೆ ನಿಂತರೆ ನಾನು ಏನು ಮಾಡಬೇಕು? ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಇಷ್ಟು ಎತ್ತರಕ್ಕೆ ಏರಿದವರು ಬಿದ್ದರೆ ಏನು ಗತಿ ಎಂದು ಕಣ್ಣೀರು ಹಾಕಿದೆ.

ಎಳ್ಳಮಾಸಿ ಬಂತು. ನಮ್ಮ ಕಡೆ ಅವತ್ತು ಸಜ್ಜೆ ಕಡಬು, ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಹೊಲ ಉಳುವ ಗಂಡಸು ಮುಂದೆ ನಡೆದು ಬೆಳೆಯ ಮೇಲೆ ಅಡಿಗೆ ಚೆಲ್ಲುತ್ತ ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ ಓಗೊಡಬೇಕು. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ಕಾಲು ಹೋದ ಮೇಲೆ ನಮ್ಮ ಹೊಲದ ಚರಗವನ್ನೂ ಕಾಕಾನೇ ಚೆಲ್ಲುತ್ತಿದ್ದರು, ತಮ್ಮದು ಮುಗಿಸಿ ಬಂದು. ಹಿಂದಿನ ವರ್ಷ ಆ ಹೊತ್ತಿಗೆ ಇವರು ಮುಸುಕು ಹಾಕಿಕೊಂಡು ಮಲಗಿದ್ದರು. ಈ ಸಲ ಹಿತ್ತಲಲ್ಲಿ ಟ್ರ್ಯಾಕ್ಟರಿನ ಸೀಟು ಹಿಡಿದು ನಿಂತು, ಬೇಲಿಯ ಮೇಲಿಂದ ಪೂರ್ತಿ ನೋಡಿದರು. ನಾನು ಬರಿದಾದ ಬುಟ್ಟಿ ಹೊತ್ತು ಹಿತ್ತಲಿಗೆ ಬಂದಾಗ ಹೇಳಿದರು.

"ಬರೂ ವರ್ಷ ನಾನ ಚೆಲ್ಲಾವ. ಇದರ ಮ್ಯಾಲೆ ಕುಂತು. ನೀ ಹಿಂದ ನೀರ ಚಿಮಕಸ್ಕೋತ ಬರಬೇಕು, ಏನ?"

"ಹೂಂ" ಎಂದೆ. ಆ ಹೂಂ ಹೇಳುವಾಗ ನನಗೂ ನಿಜವೇ ಅನಿಸಿತ್ತು.

ಸಂಕ್ರಾಂತಿ ಕಳೆದು ಬಣ್ಣದ ಕೆಲಸ ಹಿಡಿದೆವು. ಇಂಜಿನ್ನು ಶುರುವಾಗಲಿ, ಆಮೇಲೆ ಬಣ್ಣ ಎಂದು ನಾನೆಂದೆ. ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿಯಬಾರದು. ಆದರೆ ತಿಕ್ಕಿದ ಕಬ್ಬಿಣ ಬರಿಮೈಯಲ್ಲಿ ನಿಂತರೆ ವಾರದಲ್ಲಿ ಮತ್ತೆ ತುಕ್ಕು ಹಿಡಿಯುತ್ತಿತ್ತು. ಸೀಟಿನ ಕೆಳಗೆ ಮಳೆ ತಾಗದ ಒಂದು ಜಾಗದಲ್ಲಿ ಹಳೆಯ ಬಣ್ಣ ಉಳಿದಿತ್ತು, ಹೊಲದ ಹೂವಿನಂಥ ಹಳದಿ. ನಾನು ಅಣ್ಣಿಗೇರಿ ಸಂತೆಗೆ ಹೋಗಿ ಹಳದಿ ಆಯಿಲ್ ಪೇಂಟು ತಂದೆ. ಗಾಲಿಗಳ ನಡುವಿನ ಬಟ್ಟಲಿಗೆ ಕೆಂಪು ಬೇಕೆಂದರು ಅತ್ತೆ, ಕಾರಹುಣ್ಣಿಮೆಯಲ್ಲಿ ಎತ್ತಿಗೆ ಬಳಿಯುವ ಹುರಮಂಜಿಯ ಕೆಂಪು. ಪೇಂಟು ಗಟ್ಟಿಯಾಗಿ ಬ್ರಷ್ಷು ಎಳೆಯದಾದಾಗ ಅದರಲ್ಲೂ ಅವರು ಕುಸುಬಿ ಎಣ್ಣೆಯನ್ನೇ ಬೆರೆಸಿದರು. ಬೆರೆಸಿದ್ದು ಚಲೋ ಆಯಿತು. ಗೆರೆ ಬೀಳದೆ ಹರಡಿತು, ಒಣಗಿದ ಮೇಲೆ ಗಾಜಿನ ಹಾಗೆ ಹೊಳೆಯಿತು. ಉಗುರಿನಿಂದ ಕೆರೆದರೂ ಏಳಲಿಲ್ಲ.

"ನೋಡಿದ್ಯಾ, ನಮ್ಮ ಎಣ್ಣಿ!" ಎಂದರು ಅತ್ತೆ. ಊರವರೂ ಈಗ ನಗುವುದು ಬಿಟ್ಟಿದ್ದರು. ಅಗಸಿ ಕಟ್ಟೆಯವರು ಸಂಜೆಯಾದರೆ ನಮ್ಮ ಹಿತ್ತಲಿಗೆ ಬಂದು, ಅದರ ಮೈಮೇಲೆ ಕೈಯಾಡಿಸಿ, "ಮದಲಿಂಗನಂಗ ಮಾಡೀರಿ ಬಿಡ್ರಿ" ಎಂದು ಹೋಗುತ್ತಿದ್ದರು. ಸ್ಟೇರಿಂಗಿನ ಕೆಳಗಿನ ಗಂಟಿಗೆ ಇವರೇ ಗಾಡಿಯ ಕೀಲೆಣ್ಣೆ ಹಾಕಿ ಹಾಕಿ ಅದು ಬೆರಳಿನಿಂದ ತಿರುಗುವಷ್ಟು ಹಗುರಾಗಿತ್ತು. ಎಡಕ್ಕೆ ತಿರುಗಿಸಿದರೆ ಮುಂದಿನ ಗಾಲಿ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಇವರು ದಿನಾ ಒಂದು ಹೊತ್ತು ಅದರ ಮೇಲೆ ಕೂತು ರೂಢಿ ಮಾಡಿಕೊಳ್ಳುತ್ತಿದ್ದರು. ಎಡಗೈ ಕ್ಲಚ್ಚು, ಬಲಗಾಲು ಬ್ರೇಕು. ಕೈಕಾಲು ತಡವರಿಸದಂತಾದವು.

ಯುಗಾದಿ ಇನ್ನೇನು ಹತ್ತಿರ ಬಂತು ಎನ್ನುವಾಗ ಫಿಟ್ಟರ್ ಬಂದ. ದೂರದಿಂದಲೇ ನೋಡಿ, "ಅಬಬಬಾ! ಶೋರೂಮಿನ್ಯಾಗಿಂದ ತಂದಂಗ ಮಾಡೀರಲ್ರಿ!" ಎಂದ. ಇವರು ಕೋಲು ಊರಿಕೊಂಡು ಎದ್ದು ನಿಂತರು. ಮುಖ ಹುಡುಗರ ಮುಖದ ಹಾಗಿತ್ತು. ಅವತ್ತು ಸಿಹಿ ಮಾದಲಿ ಮಾಡಿದ್ದೆ, ಅವನಿಗೆ ಉಣ್ಣಲು ಇಡಬೇಕೆಂದು.

ಅವನು ದಪ್ಪ ಗಾಲಿ ಹಿಡಿದು ಮೈಭಾರ ಹಾಕಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ಹಾಕಿದ. ಗೋಡೆಯನ್ನು ನೂಕಿದ ಹಾಗಿತ್ತು. ಪ್ಲಗ್ಗು ಬಿಚ್ಚಿ ತೂತಿನಲ್ಲಿ ಒಂದು ತಂತಿ ಇಳಿಸಿದ, ಮೇಲೆತ್ತಿ ತುದಿ ಮುಟ್ಟಿದ, ಮೂಸಿದ. ಮುಖದ ನಗು ಇಳಿಯಿತು.

"ಒಳಗ ಏನ ಹಾಕೀರಿ?"

"ಎಣ್ಣೀನಪಾ" ಎಂದರು ಅತ್ತೆ. "ಕುಸುಬೀದು. ಒಂದ ದಿನಾ ತಪ್ಪಿಲ್ಲ ನೋಡು. ಕೆಳಗ ಕೆಂಡಾನೂ ಇಟ್ಟೇವಿ."

ಫಿಟ್ಟರ್ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಬೈಯುವುದೇ ಕಸುಬಾದ ಮನುಷ್ಯ, ಅವತ್ತು ಬೈಯಲಿಲ್ಲ. "ಅವ್ವಾರ, ಕುಸುಬಿ ಎಣ್ಣಿ ಒಣಗೂ ಎಣ್ಣಿರೀ" ಎಂದ. ಹಳದಿ ತಗಡಿನ ಮೇಲೆ ಬೆರಳಿನಿಂದ ಟಕಟಕ ಬಡಿದು ತೋರಿಸಿದ. "ಇಲ್ಲಿ ಮ್ಯಾಲೆ ಹೆಂಗ ಒಣಗಿ ಕುಂತೈತಿ, ಒಳಗೂ ಹಂಗ ಒಣಗಿ ಕುಂತೈತಿ. ಅದೂ ಕಾಸಿ ಕಾಸಿ ಹಾಕೀರಿ. ಅಂಟಾಗೈತಿ."

ಆಗ ಅತ್ತೆಯ ಮುಖ ನೋ‌ಡಬೇಕಿತ್ತು. ಅಲ್ಲ, ಯಾರೂ ನೋಡಬಾರದಿತ್ತು. ನಮ್ಮ ಮಾವನವರ ಕಾಲದಲ್ಲಿ ಬಾವಿಯ ನೀರನ್ನು ಎತ್ತು ಹೂಡಿ ತೊಗಲಿನ ಚೀಲದಲ್ಲಿ ಎತ್ತುತ್ತಿದ್ದರಂತೆ. ಆ ತೊಗಲಿನ ಹೊಲಿಗೆಯಿಂದ ನೀರು ಸೋರದ ಹಾಗೆ ಅಂಟು ಹಾಕುತ್ತಿದ್ದರಂತೆ. ಆ ಅಂಟನ್ನು ಕಾಸುತ್ತಿದ್ದದ್ದು ಇದೇ ಹಿತ್ತಲಲ್ಲಿ, ಇದೇ ಕುಸುಬಿ ಎಣ್ಣೆಯಿಂದ, ಅತ್ತೆಯ ಕೈಯಿಂದಲೇ. "ಅಯ್ಯ ಶಿವನ, ನಾನ ಕಾಸಿ ಕೊಡತಿದ್ನೆಲ್ಲೋ" ಎಂದರು. "ಸೌಟಿಗಿ ಹತ್ತಿದ್ರ ಕಲ್ಲಿಲೆ ತಿಕ್ಕಿದ್ರೂ ಬಿಡತಿರಲಿಲ್ಲ." ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಗಾದೆ. ನಾವು ಹುಡುಕಲೂ ಇಲ್ಲ. ತಿಳಿವಳಿಕೆ ಮನೆಯೊಳಗೇ ಇತ್ತು, ಅದೇ ಕೈ ಅದೇ ಎಣ್ಣೆಯನ್ನು ದಿನಾ ಪ್ರೀತಿಯಿಂದ ಬಿಡುತ್ತಿತ್ತು.

ಫಿಟ್ಟರ್ ಸುಮ್ಮನೆ ಕೈ ತೊಳೆದುಕೊಳ್ಳಲಿಲ್ಲ. ಇಂಜಿನ್ನಿನ ತಲೆ ಬಿಚ್ಚಿದ. ಒಳಗೆ ಕಂದುಬಣ್ಣದ ಅಂಟು, ಬೆಲ್ಲದ ಪಾಕ ಏರಿ ಗಟ್ಟಿಯಾದ ಹಾಗೆ. ಚಿಮಣಿ ಎಣ್ಣೆ ಸುರಿದ, ಪೆಟ್ರೋಲು ಸುರಿದ. ಬಿಸಿಲು ಇಳಿಯುವವರೆಗೆ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದ, ಆಮೇಲೆ ಜೋರಾಗಿ ಬಡಿದ. ಒಂದು ಏಟಿಗೆ ಸದ್ದು ಬೇರೆಯಾಗಿ ಬಂತು. ಮಡಿಕೆ ಒಡೆದ ಸದ್ದು ಹೆಂಗಸರಿಗೆ ಬೇಗ ತಿಳಿಯುತ್ತದೆ. ಇಂಜಿನ್ನಿನ ಮೈಮೇಲೆ, ನಾನು ಬಳಿದ ಹಳದಿಯ ನಡುವೆ, ಕೂದಲಿನಂಥ ಗೆರೆ ಬಿಟ್ಟಿತ್ತು.

"ಬೀಡಿನ ಕಬ್ಬಣ ಸೀಳತು" ಎಂದ ಫಿಟ್ಟರ್. "ಇದರ ಸಾಮಾನ ಹುಬ್ಬಳ್ಳ್ಯಾಗ ಅಲ್ಲ, ಮುಂಬೈದಾಗೂ ಸಿಗೂದಿಲ್ರಿ."

ಮೊದಲು ಮಾತಾಡಿದವರು ಇವರು. ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದ ಅತ್ತೆಯ ಕಡೆ ತಿರುಗಿ, "ಹೋಗ್ಲಿ ಬಿಡಬೇ ಯವ್ವಾ" ಎಂದರು. "ನಿನಗೇನ ಗೊತ್ತಿತ್ತು. ನನಗಾರ ಎಲ್ಲಿ ಗೊತ್ತಿತ್ತು." ಆಮೇಲೆ ನನ್ನ ಕಡೆ ನೋಡಿ, "ಅವರಿಗಿ ಉಣ್ಣಾಕ ನೀಡು" ಎಂದರು. ಫಿಟ್ಟರ್ ತಲೆ ತಗ್ಗಿಸಿಕೊಂಡು ಮಾದಲಿ ಉಂಡ.

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಸಿಟ್ಟು ಖರ್ಚಾಗಲು ದಾರಿಯೇ ಇರಲಿಲ್ಲ. ಅವತ್ತಿನಿಂದ ಅತ್ತೆ ತಲೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಟ್ಟರು. ರೊಟ್ಟಿಯ ಜೊತೆ ಚಟ್ನಿಪುಡಿಗೆ ಎಣ್ಣೆ ಹಾಕಲು ಹೋದರೆ ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ತಾವೇ ತಮಗೆ ಅಷ್ಟು ಶಿಕ್ಷೆ ಕೊಟ್ಟುಕೊಂಡ ಮುದುಕಿಗೆ ನಾನು ಇನ್ನೇನು ಅನ್ನಲಿ? ಬಿದಿರಿನ ಗೊಟ್ಟವನ್ನು ಮಾತ್ರ ಒಂದು ದಿನ ಒಲೆಗೆ ಇಟ್ಟೆ. ಎಣ್ಣೆ ಕುಡಿದ ಬಿದಿರು, ಚೆನ್ನಾಗಿ ಉರಿಯಿತು.

ಯುಗಾದಿಯ ದಿನ ಕಾಕಾ ಬಂದರು. ಬೇವು ಕೊಟ್ಟೆ. ಹೊಲದ ಮಾತು ಅವರಾಗಿ ತೆಗೆಯಲಿಲ್ಲ, ಕುಡಿದು ಬಟ್ಟಲು ಕೆಳಗಿಟ್ಟರು. ಇವರೇ ಹೇಳಿದರು: "ಈ ವರ್ಷದಿಂದ ನೀವ ಹೂಡ್ರಿ ಕಾಕಾ. ಆ ಮೂಲ್ಯಾಗ ಮಾತ್ರ ಒಂದ ಬಸಿಗಾಲಿವಿ ತಗೀರಿ, ನೀರ ನಿಲ್ಲತೈತಿ." ಕಾಕಾ "ತಗೀತೀನಪಾ" ಎಂದರು. ಅಷ್ಟೇ ಮಾತು. ಹಬ್ಬದ ಊಟ ಮಾಡಿ ಇವರು ಮುಂದಿನ ಕಟ್ಟೆಗೆ ಹೋಗಿ ಎದುರುಮನೆಯ ಗೋಡೆಗೆ ಮುಖ ಮಾಡಿ ಕೂತರು.

ಹಳೆ ಕಬ್ಬಿಣ ಕೊಳ್ಳುವ ಮೋಡಕಾದ ಸಾಬರು ಗಲ್ಲಿಗೆ ಬಂದಾಗ ಅದನ್ನು ಹಾಕಿಬಿಡೋಣ ಎಂದು ನಾನೇ ಅಂದೆ. ಕಣ್ಣೆದುರು ಹಳದಿ ಬಣ್ಣ ಹೊಳೆಯುತ್ತ ನಿಂತರೆ ನನಗೆ ಸಹಿಸಲಾಗುತ್ತಿರಲಿಲ್ಲ. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದು ಅಲ್ಲೇ ಉಳಿಯಿತು. ಕಾರಹುಣ್ಣಿಮೆಗೆ ಕಾಕಾ ಎತ್ತುಗಳ ಮೈಗೆ ಹುರಮಂಜಿ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ನಮ್ಮ ಹಿತ್ತಲ ಮುಂದೆಯೇ ಹೊಡೆದುಕೊಂಡು ಹೋದರು. ಮಳೆ ಬಿತ್ತು, ಬಿತ್ತನೆಯಾಯಿತು. ಎಲ್ಲ ಕಾಕಾನ ಕೈಯಿಂದ. ಕಾಳಿನ ಪಾಲು ಒಂದು ಹಿಡಿ ಕಡಿಮೆಯಿಲ್ಲದೆ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಶ್ರಾವಣದಲ್ಲಿ ಮಳೆ ಹೊಳವಾದ ಒಂದು ಬೆಳಿಗ್ಗೆ ಕಾಕಾ ನಮ್ಮ ಹೊಲದಲ್ಲಿ ಬೆಳೆಯ ಸಾಲುಗಳ ನಡುವೆ ಕಳೆ ಹೋಗಲೆಂದು ಎಡೆ ಹೊಡೆಯುತ್ತಿದ್ದರು. ನಾನು ಮುಸುರೆಯ ನೀರು ಚೆಲ್ಲಲು ಹಿತ್ತಲಿಗೆ ಬಂದೆ. ಇವರು ಟ್ರ್ಯಾಕ್ಟರಿನ ಮೇಲೆ ಕೂತಿದ್ದರು. ಎಷ್ಟೋ ದಿನದ ಮೇಲೆ ಹಿತ್ತಲಿಗೆ ಬಂದಿದ್ದಾರೆಂದು ಕರೆಯಲು ಹೋದವಳು ಅಲ್ಲೇ ನಿಂತೆ. ಅವರ ಕಣ್ಣು ಬೇಲಿಯಾಚೆ ಎತ್ತುಗಳ ಮೇಲಿತ್ತು. ಎತ್ತುಗಳು ಸಾಲಿನ ಕೊನೆ ಮುಟ್ಟಿದವು. ಕಾಕಾ ಹಗ್ಗ ಜಗ್ಗಿ ಅವನ್ನು ತಿರುಗಿಸಿದರು. ಇವರು ಎಡಗೈಯಿಂದ ಕ್ಲಚ್ಚು ಹಿಡಿದು ಸ್ಟೇರಿಂಗು ಪೂರ್ತಿ ಬಲಕ್ಕೆ ತಿರುಗಿಸಿದರು. ಎತ್ತುಗಳು ಹೊಸ ಸಾಲಿಗೆ ಬಿದ್ದ ಮೇಲೆ ಸ್ಟೇರಿಂಗು ನೆಟ್ಟಗೆ ಮಾಡಿ ಕ್ಲಚ್ಚು ಬಿಟ್ಟರು. ಈ ತುದಿಗೆ ಬಂದಾಗ ಮತ್ತೆ ಕ್ಲಚ್ಚು, ಮತ್ತೆ ಸ್ಟೇರಿಂಗು, ಈ ಸಲ ಎಡಕ್ಕೆ. ಒಂದು ಸಾಲೂ ತಪ್ಪಲಿಲ್ಲ. ಕಾಕಾನ ಸಾಲು ಸೊಟ್ಟಗಾದ ಕಡೆ ಇವರ ಕೈ ಸ್ವಲ್ಪ ಅಲುಗಿ ಅದನ್ನು ನೆಟ್ಟಗೆ ಮಾಡುತ್ತಿತ್ತು.

ನಾನು ಚೆಲ್ಲಬೇಕಾದ ನೀರನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದೆ.

ಆಮೇಲಿನ ವರ್ಷಗಳಲ್ಲಿ ಹೊಲದಲ್ಲಿ ಎತ್ತು ಕಂಡ ದಿನವೆಲ್ಲ ಅವರು ಅಲ್ಲೇ ಇರುತ್ತಿದ್ದರು. ಉಳಿದ ದಿನ ಕಟ್ಟೆ, ಗೋಡೆ. ಅತ್ತೆ ಹಬ್ಬಕ್ಕೆ ಹಿತ್ತಲು ಸಾರಿಸುವಾಗ ಅದರ ಮುಂದಿನ ಎರಡು ಗಾಲಿಗಳ ಬಳಿ ಕೈ ನಿಲ್ಲಿಸುತ್ತಿದ್ದರು. ನಿಂತಲ್ಲೇ ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಆ ಗಾಲಿಗಳು ನೆಲದಲ್ಲಿ ಬೋಗುಣಿಯಂಥ ಎರಡು ತಗ್ಗು ತೋಡಿದ್ದವು. ಸಗಣಿ ಮೆತ್ತಿ ಮುಚ್ಚಿದರೂ ಮುಂದಿನ ಎಡೆ ಹೊಡೆಯುವ ಹೊತ್ತಿಗೆ ಅವು ಮತ್ತೆ ಅಷ್ಟೇ ಆಳವಾಗುತ್ತಿದ್ದವು.